ಬಜ್ಪೆಯಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ನೀವೇ ಹಾಕಿ

ಬಜ್ಪೆಯಿಂದ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ, ದುಬೈಗೆ ಎಷ್ಟು ದೂರ ಅಂತ ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ 2,460 ಅಂತ ಬರುತ್ತದೆ, ಇನ್ನೊಂದು ಕಡೆ 1,528, ಮತ್ತೊಂದು ಕಡೆ 1,328. ಮೂರೂ ಸರಿಯೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲು, ಮೂರನೆಯದು ನಾಟಿಕಲ್ ಮೈಲು. ಟಿಕೆಟ್ ನೋಡಿದರೆ ಅಲ್ಲಿ ಬೇರೆ ಗೊಂದಲ. ಹೋಗುವಾಗ ಎರಡೇ ಗಂಟೆ, ಬರುವಾಗ ಐದು ಗಂಟೆ ಹತ್ತಿರ ಅನ್ನುವ ಹಾಗೆ ಕಾಣುತ್ತದೆ. ಅದೇ ವಿಮಾನ, ಅದೇ ಸಮುದ್ರ, ಹಾಗಾದರೆ ಬರುವಾಗ ಏನು ನಡೆದುಕೊಂಡು ಬರುತ್ತದಾ?

ಇದಕ್ಕೆ ಆ್ಯಪ್ ಉಂಟು, ಗೂಗಲ್ ಉಂಟು, ಒಪ್ಪಿದೆ. ಆದರೆ ಲೆಕ್ಕ ಹೇಗೆ ಅಂತ ಒಮ್ಮೆ ಗೊತ್ತಾದರೆ ಟಿಕೆಟ್ ಮಾಡುವಾಗಲೇ ಯಾವ ದಾರಿ ನಿಜವಾಗಿ ಸುತ್ತು, ಯಾವುದು ಬರೀ ಸುತ್ತಿನ ಹಾಗೆ ಕಾಣುತ್ತದೆ ಅಂತ ತಿಳಿಯುತ್ತದೆ. ಉಡುಪಿ, ಕುಂದಾಪುರ, ಮಂಗಳೂರು ಕಡೆಯವರಿಗೆ ಇದು ಜಾಸ್ತಿ ಬೇಕು. ಯಾಕೆಂದರೆ ನಮ್ಮ ಬಜ್ಪೆಯ ರನ್‌ವೇ 2,450 ಮೀಟರ್, ಅದೂ ಗುಡ್ಡದ ತಲೆ ಮೇಲೆ. ಅಲ್ಲಿಂದ ಹಾರುವುದು ಬೋಯಿಂಗ್ 737, ಏರ್‌ಬಸ್ 320ರಂಥ ವಿಮಾನಗಳು, ಮತ್ತೆ ಹತ್ತಿರದ ಊರುಗಳಿಗೆ ಹೋಗುವ ಸಣ್ಣ ವಿಮಾನಗಳು. ಲಂಡನ್‌ಗೋ ಸಿಡ್ನಿಗೋ ಹೋಗಬೇಕಾದರೆ ನಾವು ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕು. ಎಲ್ಲಿ ಇಳಿಯುವುದು ಅನ್ನುವುದೇ ಪ್ರಶ್ನೆ.

ಮೊದಲು ದೂರ

ಬೇಕಾದ್ದು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಗೂಗಲ್ ಮ್ಯಾಪ್‌ನಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತದೆ. ಬಜ್ಪೆಗೆ ಅಕ್ಷಾಂಶ 12.96, ರೇಖಾಂಶ 74.89. ದುಬೈಗೆ 25.25 ಮತ್ತು 55.36.

ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111 ಕಿಲೋಮೀಟರ್. ಈ 111 ಒಂದು ನೆನಪಿದ್ದರೆ ಸಾಕು.

ಉತ್ತರ ದಕ್ಷಿಣದ ಲೆಕ್ಕ ಸುಲಭ. 25.25ರಲ್ಲಿ 12.96 ಕಳೆದರೆ 12.29. ಇದನ್ನು 111ರಿಂದ ಗುಣಿಸಿದರೆ 1,364 ಕಿಲೋಮೀಟರ್. ಅಂದರೆ ದುಬೈ ನಮಗಿಂತ ಅಷ್ಟು ಮೇಲೆ ಇದೆ.

ಪೂರ್ವ ಪಶ್ಚಿಮದಲ್ಲಿ ಒಂದು ಕಿತಾಪತಿ ಉಂಟು. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದ ಹಾಗೆ ಒಂದಕ್ಕೊಂದು ಹತ್ತಿರ ಬರುತ್ತವೆ, ಹಾಗಾಗಿ ಎಲ್ಲ ಕಡೆ ಡಿಗ್ರಿಗೆ 111 ಹಿಡಿದರೆ ದೂರ ಜಾಸ್ತಿ ಬರುತ್ತದೆ. ಅದಕ್ಕೆ ಎರಡೂ ಊರಿನ ಅಕ್ಷಾಂಶದ ಸರಾಸರಿ ತೆಗೆದು ಅದರ ಕೊಸೈನ್‌ನಿಂದ ಗುಣಿಸಬೇಕು. ಹತ್ತನೇ ಕ್ಲಾಸಿನಲ್ಲಿ ಇದು ಯಾವ ಉಪಯೋಗಕ್ಕೆ ಅಂತ ಬೈದುಕೊಂಡು ಕಲಿತಿದ್ದೇವಲ್ಲ, ಅದೇ ಕೊಸೈನ್. ಇಲ್ಲಿ ಸರಾಸರಿ 19.1. ಫೋನನ್ನು ಅಡ್ಡ ಹಿಡಿದರೆ ಕ್ಯಾಲ್ಕುಲೇಟರ್‌ನಲ್ಲಿ ಕೊಸೈನ್ ಬಟನ್ ಬರುತ್ತದೆ. ಒತ್ತುವ ಮೊದಲು 60ರ ಕೊಸೈನ್ ನೋಡಿ. 0.5 ಬಂದರೆ ಸರಿ, ಬೇರೆ ಏನಾದರೂ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಕೂತಿದೆ, ಡಿಗ್ರಿಗೆ ಬದಲಿಸಿ. 19.1ರ ಕೊಸೈನ್ 0.945.

ಈಗ 74.89ರಲ್ಲಿ 55.36 ಕಳೆಯಿರಿ, 19.53. ಅದನ್ನು 111ರಿಂದ ಗುಣಿಸಿ, ಮತ್ತೆ 0.945ರಿಂದ ಗುಣಿಸಿ. 2,049 ಬರುತ್ತದೆ.

ಉಳಿದದ್ದು ಪೈಥಾಗರಸ್. 1,364ರ ವರ್ಗ, 2,049ರ ವರ್ಗ, ಎರಡನ್ನೂ ಕೂಡಿ ವರ್ಗಮೂಲ ತೆಗೆಯಿರಿ. 2,461. ಕಂಪ್ಯೂಟರ್ ಪೂರ್ತಿ ಸೂತ್ರ ಹಾಕಿ ಕೊಡುವ ಉತ್ತರ 2,460. ಕಾಗದದ ಮೇಲೆ ಗೀಚಿದ ಲೆಕ್ಕಕ್ಕೆ ಒಂದೇ ಕಿಲೋಮೀಟರ್ ವ್ಯತ್ಯಾಸ! ಮುಂಬೈಗೆ ಇದೇ ಥರ ಹಾಕಿ ನೋಡಿ, 715ರ ಆಸುಪಾಸು ಬರುತ್ತದೆ. ಬೆಂಗಳೂರಿಗೆ 305ರ ಹತ್ತಿರ.

ನಾಟಿಕಲ್ ಮೈಲಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಒಂದು ಡಿಗ್ರಿಯಲ್ಲಿ 60 ಮಿನಿಟ್ (ಗಡಿಯಾರದ ನಿಮಿಷ ಅಲ್ಲ, ಡಿಗ್ರಿಯ ಅರುವತ್ತನೇ ಒಂದು ಪಾಲು), ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, ಕಿಲೋಮೀಟರ್‌ನಲ್ಲಿ 1.852. ಪೈಲಟ್‌ಗಳದ್ದು, ಮಲ್ಪೆಯಿಂದ ಆಚೆ ಸಮುದ್ರಕ್ಕೆ ಹೋಗುವ ಬೋಟಿನವರದ್ದು ಎರಡೂ ಇದೇ ಲೆಕ್ಕ. ನಮಗೆ ನಿಮಗೆ ಕಿಲೋಮೀಟರ್ ಸಾಕು. ವೆಬ್‌ಸೈಟ್‌ನಲ್ಲಿ ಅಂಕಿ ತೀರಾ ಕಮ್ಮಿ ಕಂಡರೆ ಮೈಲಿನಲ್ಲಿ ಇರಬಹುದು ಅಂತ ಅನುಮಾನಪಡಿ, ಅಷ್ಟೇ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ

ಮೂರು ನಾಲ್ಕು ಸಾವಿರ ಕಿಲೋಮೀಟರ್‌ವರೆಗೆ ಪೈಥಾಗರಸ್ ಚೆನ್ನಾಗಿ ನಡೆಯುತ್ತಾನೆ. ಆಮೇಲೆ ಜಾರುತ್ತಾನೆ. ಬಜ್ಪೆಯಿಂದ ಲಂಡನ್ ಹೀಥ್ರೂಗೆ ಇದೇ ಲೆಕ್ಕ ಹಾಕಿದರೆ 8,270 ಬರುತ್ತದೆ, ನಿಜವಾದ ದೂರ 7,870. ನಾನೂರು ಕಿಲೋಮೀಟರ್ ಜಾಸ್ತಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಾಕಿದರೆ 16,260ರ ಆಸುಪಾಸು ಬರುತ್ತದೆ, ನಿಜವಾದದ್ದು 13,990. ಇದು ಸಣ್ಣ ತಪ್ಪಲ್ಲ, ಎರಡು ಸಾವಿರ ಚಿಲ್ಲರೆ ಕಿಲೋಮೀಟರ್! ಅಮೆರಿಕದ ಲೆಕ್ಕದಲ್ಲಿ ಇನ್ನೊಂದು ಗುಂಡಿ ಉಂಟು. ಬೆಂಗಳೂರಿನ ರೇಖಾಂಶ ಪೂರ್ವಕ್ಕೆ 77.7, ಸ್ಯಾನ್ ಫ್ರಾನ್ಸಿಸ್ಕೋದ್ದು ಪಶ್ಚಿಮಕ್ಕೆ 122.4. ಒಂದು ಪೂರ್ವ, ಒಂದು ಪಶ್ಚಿಮ ಆದರೆ ಕಳೆಯಬಾರದು, ಕೂಡಬೇಕು. ಕೂಡಿದರೆ 200. ಅದು 180ಕ್ಕಿಂತ ಜಾಸ್ತಿ ಆದದ್ದರಿಂದ ಆಚೆ ಕಡೆಯಿಂದ ಹೋಗುವುದೇ ಹತ್ತಿರ, 360ರಲ್ಲಿ 200 ಕಳೆದು 160 ಹಿಡಿಯಬೇಕು. ಮೇಲಿನ 16,260 ಕೂಡ ಈ 160 ಹಿಡಿದು ಬಂದದ್ದೇ.

ಯಾಕೆ ಹೀಗೆ ಅಂತ ತಿಳಿಯಲು ಗ್ಲೋಬ್ ಬೇಕು. ಮಕ್ಕಳಿರುವ ಮನೆಯಲ್ಲಿ ಕಪಾಟಿನ ಮೇಲೆ ಧೂಳು ಹಿಡಿದು ಒಂದು ಇರುತ್ತದೆ, ಇಳಿಸಿ. ಜೊತೆಗೆ ಒಂದು ತುಂಡು ಹೊಲಿಗೆ ನೂಲು. ಮಲ್ಲಿಗೆ ಕಟ್ಟುವ ಬಾಳೆನಾರು ಬೇಡ, ಒಣಗಿದ್ದರೆ ಎಳೆಯುವಾಗ ತುಂಡಾಗುತ್ತದೆ. ಮೊದಲು ನೂಲನ್ನು ಭೂಮಧ್ಯರೇಖೆಗೆ ಒಂದು ಸುತ್ತು ಹಾಕಿ ಸ್ಕೇಲಿನಲ್ಲಿ ಅಳೆಯಿರಿ. 30 ಸೆಂಟಿಮೀಟರ್ ಅಗಲದ ಗ್ಲೋಬ್ ಆದರೆ 94 ಸೆಂಟಿಮೀಟರ್ ಬರುತ್ತದೆ. ಅದು 40,000 ಕಿಲೋಮೀಟರ್. ಅಲ್ಲಿಗೆ ಒಂದು ಸೆಂಟಿಮೀಟರ್‌ಗೆ 425 ಕಿಲೋಮೀಟರ್. ಈಗ ನೂಲಿನ ಒಂದು ತುದಿಯನ್ನು ಹೆಬ್ಬೆರಳಿನಿಂದ ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾದ ಮೇಲೆ. ಮೊದಲಿಗೆ ಜಪಾನ್ ಮೇಲಿಂದ ಪೆಸಿಫಿಕ್ ಸಾಗರಕ್ಕೆ ಅಡ್ಡಡ್ಡ ಹಿಡಿದು ನೋಡಿ, ನೂಲು ಸಡಿಲ ಇರುತ್ತದೆ. ನಿಧಾನವಾಗಿ ಬಿಗಿ ಮಾಡುತ್ತಾ ಬನ್ನಿ. ನೂಲು ತನ್ನಷ್ಟಕ್ಕೇ ಮೇಲಕ್ಕೆ ಜಾರುತ್ತದೆ, ಚೀನಾ ದಾಟಿ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ ಅಲಾಸ್ಕಾ ಮೇಲಿಂದ ಕೆಳಗೆ ಇಳಿಯುತ್ತದೆ. ಅಲ್ಲಿ ನಿಂತ ಮೇಲೆ ಎಷ್ಟು ಎಳೆದರೂ ಅಲ್ಲಾಡುವುದಿಲ್ಲ. ಅದೇ ಅತಿ ಹತ್ತಿರದ ದಾರಿ. ಅಳೆದರೆ 33 ಸೆಂಟಿಮೀಟರ್, ಅಂದರೆ 14,000 ಕಿಲೋಮೀಟರ್. ಗೋಡೆಗೆ ತೂಗುಹಾಕುವ ಚಪ್ಪಟೆ ನಕ್ಷೆಯಲ್ಲಿ ಈ ದಾರಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ, ಸೀಟಿನ ಮುಂದಿನ ಪರದೆಯಲ್ಲೂ ಹಾಗೆಯೇ. ಸುಮ್ನೆ ಸುತ್ತು ಹೊಡೆಯುತ್ತಿದ್ದಾರೆ ಅಂದುಕೊಳ್ಳಬೇಡಿ, ಅದೇ ನೇರ ದಾರಿ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ಬೆಂಗಳೂರು ನಡುವೆ ನಡುವಲ್ಲಿ ಎಲ್ಲೂ ಇಳಿಯದ ವಿಮಾನ ಶುರು ಮಾಡಿದಾಗ ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು. ಇಷ್ಟು ಉದ್ದದ ಹಾರಾಟದಲ್ಲಿ ದಾರಿ ದಿನಾ ಒಂದೇ ಇರುವುದಿಲ್ಲ, ಆ ದಿನದ ಗಾಳಿ ನೋಡಿ ಗೀಚುತ್ತಾರೆ.

ನೂಲು, ಕೊಸೈನ್ ಎರಡೂ ಬೇಡ ಅನ್ನುವವರಿಗೆ ಕಂಪ್ಯೂಟರ್‌ನಲ್ಲಿ ಗೂಗಲ್ ಮ್ಯಾಪ್ ತೆರೆದು ಬಲಗಡೆ ಕ್ಲಿಕ್ ಮಾಡಿದರೆ ದೂರ ಅಳೆಯುವ ಆಯ್ಕೆ ಬರುತ್ತದೆ. ಗ್ರೇಟ್ ಸರ್ಕಲ್ ಮ್ಯಾಪರ್ ಅಂತ ಒಂದು ಹಳೇ ವೆಬ್‌ಸೈಟ್ ಕೂಡ ಉಂಟು, ನಿಲ್ದಾಣದ ಮೂರಕ್ಷರದ ಕೋಡ್ ಹಾಕಿದರೆ ದೂರವನ್ನೂ ದಾರಿಯನ್ನೂ ತೋರಿಸುತ್ತದೆ. ಬಜ್ಪೆಯ ಕೋಡ್ ಐಎಕ್ಸ್‌ಇ. ಮಂಗಳೂರಿಗೂ ಈ ಅಕ್ಷರಗಳಿಗೂ ಏನು ಸಂಬಂಧ ಅಂತ ಕೇಳಬೇಡಿ, ಬಾಯಿಪಾಠ ಮಾಡಿಕೊಳ್ಳುವುದೊಂದೇ ದಾರಿ.

ದೂರದಿಂದ ಗಂಟೆಗೆ

ದೂರವನ್ನು ವೇಗದಿಂದ ಭಾಗಿಸಿ, ಮೇಲಿಂದ 35 ನಿಮಿಷ ಸೇರಿಸಿ. ಇಷ್ಟೇ.

ವೇಗ ಎಷ್ಟು ಹಿಡಿಯಬೇಕು ಅನ್ನುವುದು ವಿಮಾನದ ಮೇಲೆ. ಬಜ್ಪೆಗೆ ಬರುವ 737, 320ರಂಥವಕ್ಕೆ ಗಂಟೆಗೆ 830 ಕಿಲೋಮೀಟರ್ ಹಿಡಿಯಿರಿ. ಬೆಂಗಳೂರು, ದುಬೈನಿಂದ ಯುರೋಪು ಅಮೆರಿಕಕ್ಕೆ ಹೋಗುವ ದೊಡ್ಡ ವಿಮಾನಕ್ಕೆ 900. ರೆಕ್ಕೆಗೆ ಪಂಖ ಇರುವ ಎಟಿಆರ್ ಆದರೆ 500 ಸಾಕು. ಆ 35 ನಿಮಿಷ ಯಾಕೆಂದರೆ ವಿಮಾನ ಜಾಗ ಬಿಟ್ಟು ರನ್‌ವೇಗೆ ಉರುಳಿಕೊಂಡು ಹೋಗಬೇಕು, ಹತ್ತುವಾಗ ಇಳಿಯುವಾಗ ಪೂರ್ತಿ ವೇಗ ಇರುವುದಿಲ್ಲ, ಇಳಿದ ಮೇಲೆ ಮತ್ತೆ ಉರುಳಬೇಕು. ಟಿಕೆಟ್‌ನಲ್ಲಿ ಬರೆದಿರುವ ಸಮಯ ನೆಲ ಬಿಟ್ಟು ನೆಲ ಮುಟ್ಟುವ ಸಮಯ ಅಲ್ಲ. ನಿಂತ ಜಾಗದಿಂದ ಹೊರಟು ಇನ್ನೊಂದು ಕಡೆ ಜಾಗಕ್ಕೆ ಬಂದು ನಿಲ್ಲುವವರೆಗಿನ ಸಮಯ.

ದುಬೈ ನೋಡೋಣ. 2,460 ಭಾಗಿಸು 830, ಮೂರು ಗಂಟೆಗೆ ಎರಡು ನಿಮಿಷ ಕಮ್ಮಿ. 35 ಸೇರಿಸಿದರೆ ಮೂರೂವರೆ ಗಂಟೆ. ಟಿಕೆಟ್‌ನಲ್ಲೂ ಇದರ ಆಸುಪಾಸೇ ಇರುತ್ತದೆ. ಮುಂಬೈಗೆ 52 ನಿಮಿಷಕ್ಕೆ 35 ಸೇರಿಸಿ ಒಂದೂವರೆ ಗಂಟೆ ಹತ್ತಿರ. ಬೆಂಗಳೂರಿಗೆ ಹಾರುವುದು ಇಪ್ಪತ್ತೆರಡು ನಿಮಿಷವಾದರೆ ಉರುಳುವುದು, ಹತ್ತುವುದು, ಇಳಿಯುವುದು ಅದಕ್ಕಿಂತ ಜಾಸ್ತಿ! ಒಟ್ಟು ಒಂದು ಗಂಟೆ. ಬೆಲ್ಟ್ ಬಿಚ್ಚಿ ಅಂತ ಹೇಳಿದ ಸ್ವಲ್ಪ ಹೊತ್ತಿಗೇ ಬೆಲ್ಟ್ ಹಾಕಿ ಅನ್ನುತ್ತಾರೆ.

ದುಬೈಯಿಂದ ಲಂಡನ್‌ಗೆ 5,500. 900ರಿಂದ ಭಾಗಿಸಿ 35 ಸೇರಿಸಿದರೆ ಆರೂಮುಕ್ಕಾಲು ಗಂಟೆ ಬರುತ್ತದೆ. ಟಿಕೆಟ್‌ನಲ್ಲಿ ಏಳೂವರೆ ಆಸುಪಾಸು ಇರುತ್ತದೆ. ಈ ಮುಕ್ಕಾಲು ಗಂಟೆ ಎಲ್ಲಿ ಹೋಯಿತು? ಸ್ವಲ್ಪ ಎದುರು ಗಾಳಿಗೆ, ಸ್ವಲ್ಪ ಬಳಸು ದಾರಿಗೆ. ಉಳಿದದ್ದು ಹೀಥ್ರೂ ಮೇಲೆ ಸುತ್ತುವುದಕ್ಕೆ. ಅಲ್ಲಿ ಗಿಜಿಗಿಜಿ ಎಷ್ಟೆಂದರೆ ಇಳಿಯಲು ಸರದಿ ಕಾಯುವ ವಿಮಾನಗಳನ್ನು ಒಂದರ ಮೇಲೊಂದು ಎತ್ತರದಲ್ಲಿ ಸುತ್ತಿಸುವುದಕ್ಕೆಂದೇ ನಾಲ್ಕು ಜಾಗ ಗುರುತು ಮಾಡಿದ್ದಾರೆ.

ಬಳಸು ದಾರಿಗೆ ರಾಜಕೀಯವೂ ಕಾರಣ. 2022ರ ಫೆಬ್ರವರಿಯಿಂದ ರಷ್ಯಾದ ಆಕಾಶ ಯುರೋಪಿನ ಬಹಳಷ್ಟು ಕಂಪನಿಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಗಂಟೆಗಟ್ಟಲೆ ಜಾಸ್ತಿ ಆಯಿತು. 2019ರಲ್ಲೂ ಕೆಲವು ತಿಂಗಳು ಹೀಗೇ ಆಗಿತ್ತು. ಬಜ್ಪೆಯಿಂದ ಗಲ್ಫ್‌ಗೆ ಹೋಗುವವರಿಗೆ ಈ ತಾಪತ್ರಯ ಇಲ್ಲ, ನಮ್ಮದು ಅರಬ್ಬಿ ಸಮುದ್ರ ದಾಟಿ ಒಮಾನ್ ಕಡೆಯಿಂದ ಹೋಗುವ ದಾರಿ. ಆದರೆ ಗಲ್ಫ್‌ನಲ್ಲೇ ಜಗಳ ಎದ್ದರೆ ಆಗ ನಮ್ಮದೇ ಮೊದಲು ಕೆಡುವುದು.

ಗಾಳಿ

ಆಕಾಶದಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ ಗಾಳಿ ನದಿಯ ಹಾಗೆ ಹರಿಯುತ್ತದೆ. ಉತ್ತರ ಭಾರತದಿಂದ ಮೇಲೆ, ಅದರಲ್ಲೂ ಚಳಿಗಾಲದಲ್ಲಿ, ಈ ಹರಿವು ಪಶ್ಚಿಮದಿಂದ ಪೂರ್ವಕ್ಕೆ. ಹಾಗಾಗಿ ಲಂಡನ್‌ಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಮ್ಮಿ. ದುಬೈ ಲೆಕ್ಕದಲ್ಲೇ ನೋಡಿ. ಗಂಟೆಗೆ 60 ಕಿಲೋಮೀಟರ್ ಗಾಳಿ ಎದುರಿಗಿದ್ದರೆ ವೇಗ 830 ಇದ್ದದ್ದು 770 ಆಗುತ್ತದೆ, ಬೆನ್ನಿಗಿದ್ದರೆ 890. ಆ 35 ನಿಮಿಷ ಸೇರಿಸುವ ಮೊದಲು ಒಂದು ಕಡೆ 3 ಗಂಟೆ 12 ನಿಮಿಷ, ಇನ್ನೊಂದು ಕಡೆ 2 ಗಂಟೆ 46 ನಿಮಿಷ. ಅರ್ಧ ಗಂಟೆ ಹತ್ತಿರದ ವ್ಯತ್ಯಾಸ ಬರೀ ಗಾಳಿಯದ್ದು.

ಮಳೆಗಾಲದಲ್ಲಿ ತಮಾಷೆ ಬೇರೆ. ಪಡುಬಿದ್ರೆ ಕಡಲ ಬದಿಯಲ್ಲಿ ನಿಂತರೆ ಗಾಳಿ ಸಮುದ್ರದಿಂದ ಬಂದು ಕೊಡೆಯನ್ನು ಘಟ್ಟದ ಕಡೆಗೆ ಮಗುಚುತ್ತದೆ, ಅಲ್ವಾ? ಅದೇ ಹೊತ್ತಿಗೆ ಹನ್ನೆರಡು ಹದಿನಾಲ್ಕು ಕಿಲೋಮೀಟರ್ ಮೇಲೆ ದಕ್ಷಿಣ ಭಾರತದ ಆಕಾಶದಲ್ಲಿ ಗಾಳಿ ಸರೀ ಉಲ್ಟಾ, ಪೂರ್ವದಿಂದ ಪಶ್ಚಿಮಕ್ಕೆ ಜೋರಾಗಿ ಓಡುತ್ತಿರುತ್ತದೆ. ಇದನ್ನು 1950ರ ದಶಕದಲ್ಲಿ ಗುರುತಿಸಿ ಬರೆದದ್ದು ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದಕ್ಕೇ ಜುಲೈ ತಿಂಗಳಲ್ಲಿ ಗಲ್ಫ್ ಕಡೆ ಹೋಗುವ ವಿಮಾನ ಜನವರಿಗಿಂತ ಬೇಗ ಮುಟ್ಟಿದರೆ ಆಶ್ಚರ್ಯ ಬೇಡ. ಆದರೆ ಮಳೆಗಾಲದಲ್ಲಿ ಹೋಗುವಾಗ ಉಳಿಸಿದ ಹತ್ತು ನಿಮಿಷವನ್ನು ಬರುವಾಗ ಬಜ್ಪೆ ಒಂದೇ ಏಟಿಗೆ ನುಂಗಬಹುದು. ಮೋಡ ಗುಡ್ಡಕ್ಕೆ ತಾಗಿಕೊಂಡು ರನ್‌ವೇ ಕಾಣದಿದ್ದರೆ ಪೈಲಟ್ ಒಂದು ಸುತ್ತು ಹಾಕಿ ನೋಡುತ್ತಾರೆ, ಆಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಇಳಿಸುತ್ತಾರೆ. ಜೂನ್ ಜುಲೈಯಲ್ಲಿ ಮದುವೆ, ಆಪರೇಷನ್, ಇಂಟರ್‌ವ್ಯೂ ಅಂತ ಏನಾದರೂ ಇದ್ದರೆ ಅದೇ ದಿನ ಬಂದು ಮುಟ್ಟುವ ಟಿಕೆಟ್ ಮಾಡಬೇಡಿ. ಒಂದು ದಿನ ಮೊದಲೇ ಬನ್ನಿ.

ಗಡಿಯಾರ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ಮುಟ್ಟುವ ಸಮಯ ಮುಟ್ಟುವ ಊರಿನದ್ದು. ಜಗತ್ತಿನ ಎಲ್ಲ ಟಿಕೆಟ್ ಹೀಗೇ. ಎರಡನ್ನೂ ಭಾರತದ ಸಮಯಕ್ಕೆ ತಂದು ಕಳೆಯಿರಿ, ಅಲ್ಲಿಗೆ ಗೊಂದಲ ಮುಗಿಯಿತು.

ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಬಹ್ರೇನ್, ಕುವೈತ್ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಬಜ್ಪೆ ಬಿಟ್ಟ ವಿಮಾನ 10ಕ್ಕೆ ದುಬೈ ಮುಟ್ಟುತ್ತದೆ ಅಂತ ಟಿಕೆಟ್ ಹೇಳಿದರೆ ಆ 10 ನಮ್ಮ 11.30, ಅಂದರೆ ಮೂರೂವರೆ ಗಂಟೆ. ಬರುವಾಗ ಉಲ್ಟಾ. ಅಲ್ಲಿ 10ಕ್ಕೆ ಹೊರಟರೆ ಇಲ್ಲಿ ಮೂರಕ್ಕೆ ಕಾಲು ಗಂಟೆ ಮೊದಲು ಇಳಿಯುತ್ತೀರಿ. ಟಿಕೆಟ್‌ನಲ್ಲಿ ನಾಲ್ಕೂಮುಕ್ಕಾಲು ಗಂಟೆ ಕಂಡದ್ದು ನಿಜಕ್ಕೆ ಮೂರೂಕಾಲೇ.

ಗಲ್ಫ್‌ನಲ್ಲಿ ವರ್ಷ ಪೂರ್ತಿ ಒಂದೇ ಲೆಕ್ಕ, ಆರಾಮ. ಇಂಗ್ಲೆಂಡ್ ಅಮೆರಿಕದವರು ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಗೆಯಲ್ಲಿ ಹನ್ನೆರಡೂವರೆ. ಮುಳ್ಳಿನ ವಾಚ್ ಕಟ್ಟುವವರಿಗೆ ಲಂಡನ್‌ದು ಒಂದು ಹಳೇ ಉಪಾಯ ಉಂಟು. ವಾಚನ್ನು ತಲೆಕೆಳಗೆ ಹಿಡಿದು ನೋಡಿ. ಇಲ್ಲಿ 10 ಗಂಟೆಯಾದರೆ ಉಲ್ಟಾ ಹಿಡಿದಾಗ ನಾಲ್ಕೂವರೆ ಕಾಣುತ್ತದೆ, ಅದೇ ಲಂಡನ್‌ನ ಚಳಿಗಾಲದ ಸಮಯ.

ಇನ್ನೊಂದು ಮುಖ್ಯ, ತಾರೀಕು. ಮುಟ್ಟುವ ಸಮಯದ ಪಕ್ಕ ಸಣ್ಣದಾಗಿ ಪ್ಲಸ್ ಒಂದು ಅಂತ ಇದ್ದರೆ ಮರುದಿನ ಅಂತ ಅರ್ಥ. ಪ್ಲಸ್ ಎರಡೂ ಇರಬಹುದು. ಮೇಲೆ ಹೇಳಿದ ಆ ಮೊದಲ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ 9ನೇ ತಾರೀಕು ರಾತ್ರಿ ಅಲ್ಲಿ ಹೊರಟು 11ರ ಬೆಳಗಿನ ಜಾವ ಬೆಂಗಳೂರಿಗೆ ಬಂತು, ಹಾರಿದ್ದು ಹದಿನೇಳು ಗಂಟೆ ಚಿಲ್ಲರೆ ಅಷ್ಟೇ. 10ನೇ ತಾರೀಕು ಪೂರ್ತಿ ಆಕಾಶದಲ್ಲೇ ಕಳೆಯಿತು. ಇದಕ್ಕಿಂತ ಅಪಾಯದ್ದು ನಡುರಾತ್ರಿಯ ಟಿಕೆಟ್. 14ನೇ ತಾರೀಕು 00.15ಕ್ಕೆ ವಿಮಾನ ಅಂದರೆ ನೀವು ಮನೆ ಬಿಡಬೇಕಾದ್ದು 13ರ ಸಂಜೆ. 14ರ ರಾತ್ರಿ ಊಟ ಮಾಡಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ ಮಾರಾಯ್ರೆ! ಟಿಕೆಟ್ ಬಂದ ಕೂಡಲೇ ಕ್ಯಾಲೆಂಡರ್‌ನಲ್ಲಿ ಮನೆ ಬಿಡುವ ತಾರೀಕಿಗೆ ಗೀಟು ಹಾಕಿ, ಹಾರುವ ತಾರೀಕಿಗೆ ಅಲ್ಲ.

ಯಾವುದು ಸುತ್ತು, ಯಾವುದು ಅಲ್ಲ

ಇಷ್ಟು ಲೆಕ್ಕ ಕಲಿತದ್ದು ಇದಕ್ಕೇ. ಲಂಡನ್‌ಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಬಜ್ಪೆಯಿಂದ ನೇರ ದೂರ 7,870. ದುಬೈ ಮೂಲಕ ಹೋದರೆ 2,460ಕ್ಕೆ 5,500 ಸೇರಿಸಿ 7,960. ಬರೀ ತೊಂಬತ್ತು ಕಿಲೋಮೀಟರ್ ಜಾಸ್ತಿ! ಮುಂಬೈ ಮೂಲಕ 7,930ರ ಹತ್ತಿರ, ಅದು ಇನ್ನೂ ನೇರ. ಬೆಂಗಳೂರಿನ ಮೂಲಕ ಹೋದರೆ 8,350. ಅಂದರೆ ಮುನ್ನೂರು ಕಿಲೋಮೀಟರ್ ಹಿಂದಕ್ಕೆ ಹೋಗಿ, ಮತ್ತೆ ನಮ್ಮ ಕಡೆಗೇ ಬಂದು ದಾಟಿ ಹೋದ ಹಾಗೆ. ಯುರೋಪಿಗೆ ಹೋಗುವ ಕರಾವಳಿಯವರಿಗೆ ಗಲ್ಫ್ ದಾರಿಯಲ್ಲೇ ಸಿಗುವ ಊರು.

ಸಿಡ್ನಿಗೆ ಆದರೆ ಪೂರ್ತಿ ತಿರುಗಾಮುರುಗಾ. ನೇರ ದೂರ 9,580. ಬೆಂಗಳೂರು, ಸಿಂಗಾಪುರ ಮೂಲಕ 9,790ರ ಆಸುಪಾಸು. ದುಬೈ ಮೂಲಕ ಹೋದರೆ 14,500. ಟಿಕೆಟ್ ಅಗ್ಗ ಅಂತ ಕೆಲವರು ಅದನ್ನೂ ಮಾಡುತ್ತಾರೆ, ಐದು ಸಾವಿರ ಕಿಲೋಮೀಟರ್ ಅಂದರೆ ಹೆಚ್ಚುಕಮ್ಮಿ ಆರು ಗಂಟೆ ಸುಮ್ನೆ ಕೂತಿರಬೇಕು. ಕ್ಯಾಲಿಫೋರ್ನಿಯಾಕ್ಕೆ ಬೆಂಗಳೂರಿನಿಂದ ನೇರ ವಿಮಾನ ಇದ್ದರೆ ಒಟ್ಟು 14,300, ದುಬೈ ಮೂಲಕ 15,500. ಸಾವಿರ ಚಿಲ್ಲರೆ ಕಿಲೋಮೀಟರ್ ವ್ಯತ್ಯಾಸ, ಒಂದೂವರೆ ಗಂಟೆ. ಇದರಲ್ಲಿ ಯಾವುದೂ ಮೋಸ ಇಲ್ಲ, ದರ ನೋಡಿ ಆರಿಸಿ.

ಆದರೆ ಆಕಾಶದ ದೂರ ಅರ್ಧ ಕತೆ ಮಾತ್ರ. ಉಡುಪಿಯಿಂದ ಬಜ್ಪೆಗೆ ಕಾರಿನಲ್ಲಿ ಒಂದೂವರೆ ಗಂಟೆ ಹಿಡಿಯಿರಿ. ಹೈವೇಯಲ್ಲಿ ಸುರತ್ಕಲ್, ಕೂಳೂರು ದಾಟಿ ಹೋಗುವುದಕ್ಕಿಂತ ಮುಲ್ಕಿಯಲ್ಲಿ ಒಳಗೆ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಹೋಗುವುದು ನನ್ನ ಲೆಕ್ಕದಲ್ಲಿ ವಾಸಿ. ಕೂಳೂರು ಸೇತುವೆ ಹತ್ತಿರ ಲಾರಿ ಸಾಲು ನಿಂತರೆ ಮುಗಿಯಿತು. ಕಟೀಲಿನಲ್ಲಿ ಜಾತ್ರೆಯೋ ದೊಡ್ಡ ಪೂಜೆಯೋ ಇರುವ ದಿನ ಮಾತ್ರ ಹೈವೇಯೇ ಒಳ್ಳೆಯದು. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ದುಬೈಗೆ ಹಾರುವುದು ಮೂರೂವರೆ ಗಂಟೆ, ಇಳಿದು ಹೊರಗೆ ಬರಲು ಒಂದು ಗಂಟೆ. ಒಟ್ಟು ಒಂಬತ್ತು ಗಂಟೆ. ಊರಿನಲ್ಲಿ ಯಾರಾದರೂ ದುಬೈಗೆ ಮೂರೇ ಗಂಟೆ ಅಂದರೆ ನಕ್ಕು ಸುಮ್ಮನಾಗಿ.

ಲಂಡನ್‌ಗೆ ಇದೇ ಥರ ಮನೆ ಬಾಗಿಲಿನಿಂದ ಕೂಡಿ ನೋಡಿ. ಬಜ್ಪೆ, ದುಬೈ ದಾರಿಯಲ್ಲಿ ಕಾರಿಗೆ ಒಂದೂವರೆ, ಕಾಯಲು ಮೂರು, ಹಾರಲು ಮೂರೂವರೆ, ದುಬೈನಲ್ಲಿ ಮೂರು, ಮತ್ತೆ ಹಾರಲು ಏಳೂವರೆ. ಹದಿನೆಂಟೂವರೆ ಗಂಟೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ನೇರ ವಿಮಾನ ಹಿಡಿದರೆ ಬಸ್ಸಿಗೆ ಒಂಬತ್ತು, ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಕಡೆಗೆ ಎರಡು, ಕಾಯಲು ಮೂರು, ಹಾರಲು ಹತ್ತೂವರೆ. ಇಪ್ಪತ್ನಾಲ್ಕು ದಾಟಿತು, ಅದೂ ಶಿರಾಡಿಯಲ್ಲಿ ಗುಡ್ಡ ಜರಿಯದಿದ್ದರೆ. ಹಾಗಿದ್ದರೂ ಮಗಳ ಬಾಣಂತನಕ್ಕೆ ಅಂತ ಒಬ್ಬರೇ ಹೋಗುವ ಅಮ್ಮಂದಿರಿಗೆ, ಭಾಷೆ ಗೊತ್ತಿಲ್ಲದ ಹಿರಿಯರಿಗೆ ನಾನು ಬೆಂಗಳೂರನ್ನೇ ಹೇಳುವುದು. ಆರು ಗಂಟೆ ಜಾಸ್ತಿ ಆದರೆ ಆಗಲಿ, ಗೊತ್ತಿಲ್ಲದ ಊರಿನಲ್ಲಿ ಇಳಿದು ಗೇಟ್ ಹುಡುಕುವ ಕಷ್ಟ ಇಲ್ಲ. ವಿಮಾನ ಬದಲಿಸುವುದೇ ಆದರೆ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಕಂಪನಿಯವರು ಬೇರೆ ವಿಮಾನಕ್ಕೆ ಹತ್ತಿಸಬೇಕಾಗುತ್ತದೆ, ಲಗೇಜ್ ಕೂಡ ಕೊನೆಯವರೆಗೆ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಮಾಡಿದರೆ ತಪ್ಪಿದ್ದು ನಿಮ್ಮ ತಲೆಗೆ.

ಕರೆದುಕೊಂಡು ಬರಲು ಹೋಗುವವರಿಗೆ ಒಂದು ಮಾತು. ಟಿಕೆಟ್‌ನ ಸಮಯ ನಂಬಿಕೊಂಡು ಮನೆ ಬಿಡಬೇಡಿ. ಫ್ಲೈಟ್‌ರಾಡಾರ್24 ಆ್ಯಪ್ ತೆರೆದು ವಿಮಾನದ ನಂಬರ್ ಹಾಕಿದರೆ ಅದು ಎಲ್ಲಿ ಹಾರುತ್ತಿದೆ ಅಂತ ಕಾಣುತ್ತದೆ, ಹಿಂದಿನ ದಿನಗಳಲ್ಲಿ ಎಷ್ಟು ಹೊತ್ತು ತೆಗೆದುಕೊಂಡಿತ್ತು ಅನ್ನುವುದೂ ಸಿಗುತ್ತದೆ. ಒಮಾನ್ ತೀರ ಬಿಟ್ಟು ಸಮುದ್ರಕ್ಕೆ ಬಂದದ್ದು ಕಂಡರೆ ಇನ್ನು ಎರಡು ಗಂಟೆಯ ಕೆಲಸ. ಇಳಿದ ಮೇಲೆ ಇಮಿಗ್ರೇಷನ್, ಲಗೇಜ್ ಅಂತ ಮತ್ತೊಂದು ಗಂಟೆ. ಉಡುಪಿಯವರು ಆಗ ಚಾ ಕುಡಿದು ನಿಧಾನಕ್ಕೆ ಹೊರಟರೂ ಸರಿಯಾದ ಹೊತ್ತಿಗೆ ಮುಟ್ಟುತ್ತೀರಿ.